ಅಪ್ಪನ ಮುತ್ತಜ್ಜನ ಗೋದಾಮು

ಹಾಸಿಗೆ ಹಿಡಿದ ಮೇಲೆ ಅಪ್ಪನಿಗೆ ಒಂದೇ ಹಟ. ತನ್ನ ಮುತ್ತಜ್ಜನ ಬಗ್ಗೆ ನಾನೊಂದು ಪುಸ್ತಿಕೆ ಬರೆಯಬೇಕು. ಹೊನ್ನಾವರದ ಶಾಲೆಯಲ್ಲಿ ಪಾಠ ಮುಗಿಸಿ, ಕುಮಟೆಯಲ್ಲಿ ಬಸ್ಸಿಳಿದು ನಾನು ಮನೆಗೆ ಬರುವುದನ್ನೇ ಕಾಯುತ್ತಿದ್ದ. ಅವನು ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ.

ಮುತ್ತಜ್ಜ ಹತ್ತಿ ವ್ಯಾಪಾರಿ. ಘಟ್ಟದ ಮೇಲಿಂದ ಎತ್ತಿನ ಗಾಡಿಗಳಲ್ಲಿ ಇಳಿದ ಹತ್ತಿಯನ್ನು ಕೊಂಡು ಹಾಯಿಹಡಗಿನಲ್ಲಿ ಮುಂಬಯಿಗೆ ಕಳಿಸುತ್ತಿದ್ದರಂತೆ. ಕೈ ತುಂಬಿದ ಮೇಲೆ ಊರಾಡಳಿತದ ಸಭೆಗೆ ಸದಸ್ಯರಾದರು. ಬೀದಿಗೆ ದೀಪ ಹಾಕಿಸಿದರು, ಪೇಟೆಯಲ್ಲಿ ಬಾವಿ ತೋಡಿಸಿದರು. ಮುಂದೆ ಹತ್ತಿಯೆಲ್ಲ ರೈಲಿನ ಪಾಲಾಗಿ ವ್ಯಾಪಾರ ಮುರಿದರೂ ಮರ್ಯಾದೆಗೆ ಕುಂದಾಗಲಿಲ್ಲ. ಕಲೆಕ್ಟರ ಸಾಹೇಬರು ಕುರ್ಚಿ ಕೊಟ್ಟು ಕೂರಿಸುತ್ತಿದ್ದರು ಎನ್ನುವಾಗ ಅಪ್ಪನ ದನಿ ಏರುತ್ತಿತ್ತು.

ಅವರ ಗೋದಾಮು ಎಲ್ಲಿತ್ತೆಂಬುದು ಮಾತ್ರ ಅಪ್ಪನಿಗೆ ಗೊತ್ತಿರಲಿಲ್ಲ.

"ನಮ್ಮ ಮೀನಿನವಳನ್ನು ಕೇಳು. ಅವಳ ಹಿರಿಯರು ಮೊದಲು ಬಂದರದ ಹತ್ತಿರವೇ ಇದ್ದವರು" ಎಂದ.

ನಾನು ಚಿಕ್ಕವಳಿದ್ದಾಗಿನಿಂದ ನಮ್ಮ ಮನೆಗೆ ಮೀನು ತರುತ್ತಿದ್ದ ಮುದುಕಿ ಅವಳು. ಒಂದು ಭಾನುವಾರ ಅಘನಾಶಿನಿ ಎಂಬ ಊರಿನ ಅವಳ ಮನೆಗೆ ಹೋದೆ. ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು.

"ಗೋದಾಮು ಗೊತ್ತಿಲ್ದೆ ಎಂತ? ಆ ಜಾಗದಲ್ಲೇ ನಮ್ಮ ಕೇರಿ ಇತ್ತು" ಎಂದಳು. "ಮೀನ ನಾತಕ್ಕೆ ರೋಗ ಬತ್ತದೆ ಅಂತ ನಿಮ್ಮ ಹಿರೀರು ಸಭೇಲಿ ಹೇಳಿ ಎಲ್ಲರನ್ನೂ ಎಬ್ಬಿಸಿದ್ರು. ಮಳೆಗಾಲ. ನನ್ನಜ್ಜಿಯ ಅವ್ವ ಹಸಿ ಬಾಣಂತಿ. ದೋಣಿಯಲ್ಲಿ ಈ ಊರಿಗೆ ಬರೂದ್ರೊಳಗೆ ಮಗು ಸತ್ತೋತು. ಆಮೇಲೆ ಅಲ್ಲಿ ಗೋದಾಮು ಎದ್ದದ್ದು."

ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಡುವಾಗ ಅಪ್ಪನಿಗೆಂದು ಒಂದಷ್ಟು ಒಣಮೀನು ಕಟ್ಟಿಕೊಟ್ಟಳು.

"ಎಂತ ಹೇಳಿದಳು?" ಅಪ್ಪ ಕೇಳಿದ.

"ದೊಡ್ಡ ಮನುಷ್ಯರಾಗಿದ್ದರಂತೆ."

ಅಪ್ಪ ಕಣ್ಣು ಮುಚ್ಚಿಕೊಂಡೇ ನಕ್ಕ.

ಅದಾಗಿ ತಿಂಗಳೊಳಗೆ ತೀರಿಕೊಂಡ. ಮುದುಕಿ ಹೇಳಿದ್ದನ್ನು ಬರೆಯಲು ಇನ್ನು ಅಡ್ಡಿಯಿರಲಿಲ್ಲ. ಬರೆದೆ ಕೂಡ, ಒಂದು ಪುಟ. ಅಚ್ಚಿಗೆ ಕೊಡುವ ಬೆಳಿಗ್ಗೆ ಅದನ್ನು ತೆಗೆದುಬಿಟ್ಟೆ. ನೆಂಟರೆಲ್ಲ ಓದುತ್ತಾರಲ್ಲ ಅನ್ನಿಸಿತು, ಅಷ್ಟೇ.

ವರ್ಷಾಂತಿಕದ ಊಟಕ್ಕೆ ಮುದುಕಿಯೂ ಬಂದಳು. ನಾನು ಬಾಗಿಲಲ್ಲಿ ಪುಸ್ತಿಕೆ ಹಂಚುತ್ತಿದ್ದೆ. ಅವಳಿಗೆ ಓದು ಬಾರದು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ನಾ ಹೇಳಿದ್ದು ಇದರಲ್ಲಿ ಉಂಟಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಎಂದೆ.

"ಆತು" ಎಂದು ಪುಸ್ತಿಕೆಯನ್ನು ರಾಶಿಯ ಮೇಲಿಟ್ಟು, ಊಟಕ್ಕೆ ನಿಲ್ಲದೆ ಹೊರಟುಹೋದಳು.

ಈಗ ಅವಳು ನಮ್ಮ ಬೀದಿಗೆ ಬರುವುದಿಲ್ಲ. ಬಸ್ ನಿಲ್ದಾಣದ ಹತ್ತಿರ ಕಂಡರೆ ನಾನೇ ಮೊದಲು ಮುಖ ತಿರುಗಿಸುತ್ತೇನೆ.