ಇಲ್ಲದ ಹುದ್ದೆಯ ಕೆಲಸ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿ ಅಂಗೈಯಗಲದ ಒಂದು ತುಂಡು ತಂದು ‘ಇದೇ ಬಣ್ಣ ಬೇಕು’ ಎಂದರೆ, ಯಾವ ಪುಡಿ ಎಷ್ಟು ಬೆರೆಸಬೇಕೆಂದು ಹೇಳುವುದು ಅವಳ ಕೆಲಸ. ಒದ್ದೆ ಬಟ್ಟೆ ಕಣ್ಣಿಗೆ ಮೋಸ ಮಾಡುತ್ತದೆ. ಅದಕ್ಕೇ ಅವಳು ತುಂಡನ್ನು ಇಸ್ತ್ರಿ ಹಾಕಿ ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ ನೋಡುವಳು. ಇಪ್ಪತ್ತೊಂದು ವರ್ಷಗಳಲ್ಲಿ ಅವಳು ಸೈ ಎಂದ ಬಣ್ಣ ವಾಪಸು ಬಂದದ್ದು ಎರಡೇ ಸಲ.

ಬಣ್ಣ ಹೊಂದಿಸುವ ಯಂತ್ರ ಬಂದಾಗ ಮ್ಯಾನೇಜರು, “ನಿಮಗೆ ಗೊತ್ತಿರೋದನ್ನೆಲ್ಲ ಇದಕ್ಕೆ ತುಂಬಿಸಿಬಿಡಿ ಅಕ್ಕಾ, ನಿಮ್ಮ ಕಣ್ಣಿಗೂ ವಿಶ್ರಾಂತಿ” ಎಂದರು. ಅವಳು ಆರು ತಿಂಗಳು ಕೂತು ತುಂಬಿಸಿದಳು. ಏಳನೆಯ ತಿಂಗಳು ಅದೇ ಮ್ಯಾನೇಜರು ಕೈಗೊಂದು ಕಾಗದ ಕೊಟ್ಟರು. ‘ಕೈಯಿಂದ ಬಣ್ಣ ಹೊಂದಿಸುವ ಕೆಲಸ ಇನ್ನಿಲ್ಲ. ಆದ್ದರಿಂದ ಈ ಹುದ್ದೆಯನ್ನು ರದ್ದು ಮಾಡಲಾಗಿದೆ.’ ವಿಶ್ರಾಂತಿ ಎಂದರೆ ಇದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಬೇರೆ ಕಡೆ ಕೆಲಸ ಕೇಳಿಕೊಂಡು ಹೋದಳು. ಗೋಡೆಬಣ್ಣದ ಅಂಗಡಿಯವನು, “ಇಲ್ಲಿ ಬಟನ್ ಒತ್ತೋದಷ್ಟೇ ಕೆಲಸ. ನಿಮ್ಮ ವಯಸ್ಸಿಗೆ ನಿಂತ್ಕೊಳ್ಳೋಕಾಗುತ್ತಾ?” ಎಂದ. ಇನ್ನೊಬ್ಬ ಹೆಸರು ಬರೆದುಕೊಂಡ, ಅಷ್ಟೆ.

ಹತ್ತು ದಿನಕ್ಕೆ ಫೋನು ಬಂತು. ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಗೆಳತಿ, ಹನ್ನೆರಡು ವರ್ಷ ಇವಳ ಕೈಕೆಳಗೆ ಕೆಲಸ ಕಲಿತವಳು, ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ತಿಂದವಳು.

“ಅಕ್ಕಾ, ಈ ಹಾಳು ಯಂತ್ರ ಪಾಚಿ ಹಸಿರು ಕೇಳಿದ್ರೆ ಸಗಣಿ ಬಣ್ಣ ಕೊಡ್ತಿದೆ. ಏನ್ಮಾಡ್ಲಿ?”

ಬಣ್ಣದಕ್ಕನಿಗೆ ನಗು ಬಂತು. “ನೀಲಿ ಒಂದು ಚೂರು ಏರಿಸೇ. ಟ್ಯೂಬ್‌ಲೈಟಲ್ಲಿ ನೋಡ್ಬೇಡ, ಕಿಟಕಿ ಹತ್ರ ಹೋಗು.”

ಆಮೇಲೆ ವಾರಕ್ಕೆ ಎರಡು ಮೂರು ಸಲ ಫೋನು. ಬಸ್ಸು ಓಡಿಸುವ ಗಂಡ ರೇಗಿಸುವನು: “ನಿನ್ನನ್ನ ತೆಗೆದ್ರು, ನಿನ್ನ ಕೆಲಸಾನ ತೆಗೆದಿಲ್ಲ. ಬಾಗಿಲಿಗೊಂದು ಬೋರ್ಡ್ ಹಾಕ್ಬಿಡು.”

“ಸುಮ್ನಿರ್ರೀ. ಪಾಪ, ಅವಳಾದ್ರೂ ಯಾರನ್ನ ಕೇಳ್ತಾಳೆ?”

ಆದರೆ ಗಂಡನ ಆ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಿತು. ಕಾರ್ಮಿಕ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು. ಅಲ್ಲಿಯ ಅಧಿಕಾರಿ, ಕನ್ನಡಕದ ಹೆಂಗಸು, ಕಾಗದ ಓದಿ ಹೇಳಿದಳು: “ಕೆಲಸ ಇನ್ನೂ ನಡೀತಿದ್ರೆ ಹುದ್ದೆ ರದ್ದು ಅನ್ನೋದು ಸುಳ್ಳು. ಅವರು ಪರಿಹಾರ ಕೊಡಲೇಬೇಕು. ಆದ್ರೆ ನಡೀತಿದೆ ಅಂತ ಹೇಳೋರು ಯಾರು?”

“ನನ್ನ ಗೆಳತಿ ಹೇಳ್ತಾಳೆ ಮೇಡಂ.”

ಕೇಳಿದಾಗ ಗೆಳತಿ ಒಂದು ಕ್ಷಣವೂ ತಡೆಯಲಿಲ್ಲ. “ಹೇಳದೆ ಇರ್ತೀನಾ ಅಕ್ಕಾ? ಇಷ್ಟೂ ಮಾಡ್ದಿದ್ರೆ ನಾನೊಬ್ಳು ಮನುಷ್ಯಳಾ?”

ವಿಚಾರಣೆಯ ದಿನ ಗೆಳತಿ ಬಂದಳು. ಮ್ಯಾನೇಜರ ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳ ಸಹಿ ಇದ್ದ ಹೇಳಿಕೆಯನ್ನು ಅಧಿಕಾರಿ ಗಟ್ಟಿಯಾಗಿ ಓದಿದಳು: ಯಂತ್ರ ಬಂದ ಮೇಲೆ ಕೈಯಿಂದ ಬಣ್ಣ ಹೊಂದಿಸಿದ್ದೇ ಇಲ್ಲ.

ಬಣ್ಣದಕ್ಕ ಕೊಟ್ಟಿದ್ದ ಫೋನು ಕರೆಗಳ ಪಟ್ಟಿ ನೋಡಿ ಅಧಿಕಾರಿ ಕೇಳಿದಳು: “ಮತ್ತೆ ಇಷ್ಟೊಂದು ಸಲ ಇವರಿಗೆ ಫೋನ್ ಮಾಡಿದೀರಲ್ಲ?”

“ಅದು ಬರೀ ಮನೆ ಮಾತು ಮೇಡಂ,” ಗೆಳತಿ ಮೇಜಿನ ಅಂಚನ್ನು ನೋಡುತ್ತ ಹೇಳಿದಳು. “ಅಕ್ಕನ ಮೊಣಕಾಲು ನೋವು ಹೇಗಿದೆ ಅಂತ ಕೇಳೋಕೆ.”

ಬಣ್ಣದಕ್ಕನಿಗೆ ಈ ಜನ್ಮದಲ್ಲಿ ಮೊಣಕಾಲು ನೋವು ಬಂದಿರಲಿಲ್ಲ. ಮ್ಯಾನೇಜರು ಕಾಗದ ಕೊಟ್ಟಾಗಲೂ ಅವಳಿಗೆ ಹೀಗೆ ಎದೆ ಖಾಲಿಯಾಗಿರಲಿಲ್ಲ. ಅವರು ಎಷ್ಟೆಂದರೂ ಮ್ಯಾನೇಜರು. ಅಧಿಕಾರಿ ಹದಿನೈದು ದಿನ ಗಡುವು ಕೊಟ್ಟಳು. ಅಷ್ಟರೊಳಗೆ ಬೇರೆ ಪುರಾವೆ ತರದಿದ್ದರೆ ಅರ್ಜಿ ವಜಾ.

ಎಂಟನೆಯ ದಿನ ಫೋನು ಬಂತು.

“ಅಕ್ಕಾ, ಕೋಪ ಮಾಡ್ಕೋಬೇಡ. ಮ್ಯಾನೇಜರೇ ಬರ್ಕೊಂಡು ಬಂದಿದ್ರು, ನಾನು ಸಹಿ ಹಾಕ್ದೆ, ಅಷ್ಟೇ. ಈಗ ಬೂದು ಬಣ್ಣದ ಪರದೆ ಬಟ್ಟೆ ಬಿಸಿಲಿಗೆ ಹಿಡಿದ್ರೆ ನೇರಳೆ ಕಾಣ್ತಿದೆ. ಗಿರಾಕಿ ಇಲ್ಲೇ ನಿಂತು ಕೂಗಾಡ್ತಿದಾನೆ.”

“ಮೊದ್ಲು ನನ್ನ ಮೊಣಕಾಲು ಹೇಗಿದೆ ಅಂತ ಕೇಳ್ಲಿಲ್ವಲ್ಲೇ?”

“ಅಕ್ಕಾ, ಬೇಗ ಹೇಳಕ್ಕಾ,” ಎಂದಳು ಗೆಳತಿ.

“ಏನು ಬೇಕೋ ಬರೆದು ಕಳ್ಸು. ಕೆಳಗೆ ಹೆಸರು ಹಾಕು. ಆಮೇಲೆ ಹೇಳ್ತೀನಿ.”

“ಬರೆದ್ರೆ ನನ್ನ ಕೆಲಸ ಹೋಗುತ್ತಕ್ಕಾ!”

“ಹಾಗಾದ್ರೆ ನಿಮ್ಮ ಮ್ಯಾನೇಜರ್ ಬರೀಲಿ.”

ಕಾಲು ಗಂಟೆಗೆ ಮ್ಯಾನೇಜರ ಫೋನು, ಜೇನು ಸುರಿಯುವ ದನಿ. ಅವಳದು ಒಂದೇ ಮಾತು, ಬರೆದು ಕಳಿಸಿ. ಆ ದನಿಯ ಹಿಂದೆ ಗಿರಾಕಿಯ ಗಂಟಲು ಏರುತ್ತಿತ್ತು. ಕೊನೆಗೆ ಸಂದೇಶ ಬಂತು: ‘ಬೂದು ಬಣ್ಣ ಹೊಂದಿಸಿ ಕೊಡಲು ಕೋರುತ್ತೇನೆ.’ ಕೆಳಗೆ ಮ್ಯಾನೇಜರ ಹೆಸರು, ಕಾರ್ಖಾನೆಯ ಹೆಸರು. ಬಟ್ಟೆ ಯಾವ ತಪ್ಪೂ ಮಾಡಿರಲಿಲ್ಲ. ಕೆಂಪು ಎಷ್ಟು ಇಳಿಸಬೇಕೆಂದು ಸರಿಯಾಗಿಯೇ ಹೇಳಿ, ಅವಳು ಮುಂದಿನ ಬಸ್ಸಿಗೆ ಕಾರ್ಮಿಕ ಕಚೇರಿಗೆ ಹೋದಳು.

ಪರಿಹಾರದ ಆದೇಶವಾಯಿತು. ಅದನ್ನು ಓದುವಾಗ ಗೆಳತಿಯೂ ಇದ್ದಳು. ಹೊರಗೆ ಮೆಟ್ಟಿಲ ಮೇಲೆ “ಅಕ್ಕಾ” ಎಂದಳು. ಬಣ್ಣದಕ್ಕ ಇಳಿದು ಹೋದಳು.

ಮರುತಿಂಗಳು ಊರಾಚೆ ನೂಲಿಗೆ ಬಣ್ಣ ಹಾಕುವ ಸಣ್ಣದೊಂದು ಘಟಕದಲ್ಲಿ ಕೆಲಸ ಸಿಕ್ಕಿತು. ಮಾಲೀಕ ಒಳ್ಳೆಯವನಂತೆ ಕಂಡ. ಮೊದಲ ದಿನವೇ ಇಬ್ಬರು ಕೆಲಸಗಾರರನ್ನು ಕರೆದು ತೋರಿಸಿದ. “ಇವರಿಗೂ ಹಾಗೇ ಸ್ವಲ್ಪ ಹೇಳ್ಕೊಡಿ ಅಕ್ಕಾ.”

“ಹೇಳ್ಕೊಡ್ತೀನಿ ಸಾರ್. ಹೇಳ್ಕೊಟ್ಟ ಮೇಲೂ ನನ್ನನ್ನ ಇಟ್ಕೋತೀರಿ ಅಂತ ಮೊದ್ಲು ಬರೆದು ಕೊಡಿ.”

ಮಾಲೀಕ ನಕ್ಕ. “ಏನಕ್ಕಾ, ಮನುಷ್ಯರ ಮೇಲೆ ನಂಬಿಕೆ ಇಲ್ವಾ?”

“ಇತ್ತು,” ಎಂದಳು ಬಣ್ಣದಕ್ಕ, ಪೆನ್ನನ್ನು ಅವನ ಕಡೆ ಸರಿಸುತ್ತ.