ಎಣಿಸಬಾರದ ನಾಮಪದಗಳು

ಇಂಗ್ಲಿಷರ ಮೇಲೆ ನನಗಿರುವ ಸಿಟ್ಟು ರಾಜಕೀಯದ್ದಲ್ಲ, ವ್ಯಾಕರಣದ್ದು. ದೇಶ ಬಿಟ್ಟು ಹೋಗುವಾಗ ತಮ್ಮ ನಾಮಪದಗಳನ್ನೂ ಗಂಟುಕಟ್ಟಿಕೊಂಡು ಹೋಗಬಾರದಿತ್ತೇ? ಹಸುವನ್ನು ಎಣಿಸಬಹುದಂತೆ, ಹಾಲನ್ನು ಎಣಿಸಬಾರದಂತೆ. ಅವರೆಕಾಳಿಗೆ ಲೆಕ್ಕವುಂಟು, ಅಕ್ಕಿಗಿಲ್ಲ. ತಲೆಗೂದಲಿಗೂ ಇಲ್ಲ, ನನ್ನ ತಲೆ ನೋಡಿದ್ದರೆ ಆ ವ್ಯಾಕರಣಕಾರ ಹಾಗೆ ಬರೆಯುತ್ತಿರಲಿಲ್ಲ. ಆದರೂ ಐವತ್ತರ ದಶಕದಲ್ಲಿ ಕೃಷ್ಣರಾಜನಗರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಹೊಟ್ಟೆಪಾಡಿಗೆ ನಾನು ಬೋಧಿಸುತ್ತಿದ್ದದ್ದು ಇದನ್ನೇ.

ನಮ್ಮವರ ವ್ಯಾಕರಣ ಇನ್ನೂ ಬಿಗಿ. ಹಸುವನ್ನೂ ಎಣಿಸುವಂತಿಲ್ಲ, ಮಕ್ಕಳನ್ನೂ ಎಣಿಸುವಂತಿಲ್ಲ, ದೃಷ್ಟಿಯಾಗುತ್ತದೆ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ನಮ್ಮಜ್ಜಿ, "ಅವೆ ಕಣಪ್ಪ, ದ್ಯಾವ್ರು ಕೊಟ್ಟಷ್ಟು" ಎನ್ನುತ್ತಿದ್ದಳು. ಇಷ್ಟು ನನಗೆ ಗೊತ್ತಿತ್ತು. ಪೇಟೆಯಲ್ಲಿ ಬೆಳೆದವನಿಗೆ ಒಕ್ಕಣೆ ಕಣದ ನಿಯಮ ಮಾತ್ರ ಗೊತ್ತಿರಲಿಲ್ಲ.

ಹಿರಿಯರೊಡನೆ ಭೇರ್ಯದ ಕಡೆ ಹೆಣ್ಣು ನೋಡಲು ಹೋದೆ. ಹುಡುಗಿಯ ತಂದೆ ಮಾದಪ್ಪನವರು ಕಣದಲ್ಲಿ ಭತ್ತದ ರಾಶಿ ಪೂಜೆ ಮುಗಿಸಿ ಅಳೆಯುತ್ತಿದ್ದರು. ಮೊದಲ ಕೊಳಗಕ್ಕೆ "ಲಾಭ" ಎಂದರು, ಮುಂದಿನದಕ್ಕೆ "ಎರಡು" ಎಂದರು. ಪಾಪ, ಒಂದನ್ನು ಮರೆತರು ಎಂದುಕೊಂಡು, ಭಾವೀ ಮಾವನಿಗೆ ನೆರವಾಗುವ ಹುಮ್ಮಸ್ಸಿನಲ್ಲಿ, "ಮೊದಲನೆಯದು ಒಂದು!" ಎಂದು ಕೂಗಿದೆ. ಮಾದಪ್ಪನವರು ಅಳೆದದ್ದನ್ನೆಲ್ಲ ಮತ್ತೆ ರಾಶಿಗೆ ಸುರಿದರು. ಮೊದಲ ಅಳತೆಯನ್ನು ಲಾಭವೆಂದೇ ಕರೆಯಬೇಕಂತೆ. ಅಳೆಯುವವರ ಹೊರತು ಬೇರೆ ಯಾರೂ ಉಸಿರೆತ್ತಬಾರದಂತೆ.

"ಮೇಷ್ಟ್ರೇ, ರಾಸಿ ಮುಂದೆ ಬಾಯ್ ಬುಡಬಾರ್ದು ಕಣ್ರೀ."

ಸಮಾಧಾನವಾಗಲೆಂದು, "ಇಂಗ್ಲಿಷಲ್ಲಿ ಭತ್ತಾನ ಎಣಿಸೋದೇ ಇಲ್ಲ, ಸ್ವಾಮಿ" ಎಂದೆ.

"ಅಂಗಾದ್ರೆ ನೀವ್ಯಾಕೆ ಎಣಿಸಕ್ ಬಂದ್ರಿ?"

ಹುಲ್ಲಿನ ಮೆದೆಯ ಹಿಂದಿನಿಂದ ಹುಡುಗಿ ನಕ್ಕದ್ದು ಕೇಳಿಸಿತು. ಆ ನಗುವಿಗೆ ನಾನು ಅಲ್ಲೇ ಸೋತುಹೋದೆ. ಈ ಸಂಬಂಧ ತಪ್ಪಿದರೆ ಗತಿಯೇನೆಂದು ನಿಜಕ್ಕೂ ಹೆದರಿಕೆಯಾಯಿತು.

ಊಟಕ್ಕೆ ಕೂತಾಗ ತಲೆಯೆತ್ತಲಿಲ್ಲ. ಮುದ್ದೆ ಬಿತ್ತು, ನುಂಗಿದೆ. ಇನ್ನೊಂದು ಬಿತ್ತು, ಅದನ್ನೂ ನುಂಗಿದೆ. ಬಾಯಿ ತೆರೆದರೆ ಮತ್ತೇನು ಅನಾಹುತವೋ ಎಂದು ಸಾಕೆನ್ನುವ ಧೈರ್ಯವೂ ಬರಲಿಲ್ಲ. ಮಾದಪ್ಪನವರು ಒಳಗೆ ತಿರುಗಿ ಮಗಳನ್ನು, "ಏನವ್ವಾ, ಈ ಮೇಷ್ಟ್ರು ಆಗ್ಬೋದಾ?" ಎಂದು ಕೇಳಿಯೇಬಿಟ್ಟರು.

ಬಾಗಿಲ ಮರೆಯಿಂದ ಉತ್ತರ ಬಂತು.

"ಇರ್ಲಿ ಬುಡಪ್ಪ. ರಾಸಿ ಎಣಿಸಿದ್ರೂವೆ ಮುದ್ದೆ ಎಣಿಸ್ನಿಲ್ಲ."

ಹಿಂದೆಯೇ ಎಲೆಗೆ ಮತ್ತೊಂದು ಮುದ್ದೆ ಬಂತು. ಹೊಟ್ಟೆಯಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ. ಸಂತೋಷಕ್ಕೆ ಅಂಥ ಲೆಕ್ಕಾಚಾರವೆಲ್ಲ ತಿಳಿಯುವುದಿಲ್ಲ, ನುಂಗಿದೆ.