ಆಕಾಶದ ಸೀಟಿಗೆ ಚೌಕಾಸಿ

ಲಂಡನ್ನಿನ ಟ್ಯೂಬ್ ರೈಲು ಅಲ್ಲಿಂದಲೇ ಹೊರಡುತ್ತದೆ, ದಿನಾ ಸೀಟು ಖಾತ್ರಿ ಎಂದು ಎಜ್‌ವೇರ್‌ನಲ್ಲಿ ಮನೆ ಮಾಡಿದವನು ನನ್ನ ತಂಗಿಯ ಗಂಡ. ಕಳೆದ ವರ್ಷ ಅದೇ ಲೆಕ್ಕವನ್ನು ಆಕಾಶಕ್ಕೂ ಹಾಕಿದ. ಬಾಹ್ಯಾಕಾಶ ಪ್ರವಾಸ ಮುಂದೆ ಅಗ್ಗವಾಗುತ್ತದಂತೆ, ಈಗಲೇ ಮುಂಗಡ ಕೊಟ್ಟವರಿಗೆ ಮೊದಲ ಪಾಳಿಯಂತೆ. ಕೊಡಲು ಹೊರಟದ್ದು ತಂಗಿಯ ಹಣ. ಕ್ವೀನ್ಸ್‌ಬರಿಯಲ್ಲಿ ಪುಟ್ಟ ಅಂಗಡಿ ಹಿಡಿದು ಚಟ್ನಿಪುಡಿ, ಹೋಳಿಗೆ ಮಾರಬೇಕೆಂದು ಅವಳು ವರ್ಷಗಟ್ಟಲೆ ಕೂಡಿಟ್ಟದ್ದು.

ತಂಗಿ ನನ್ನನ್ನು ಕರೆಸಿದಳು. ಪಾರ್ಕ್ ರಾಯಲ್‌ನಲ್ಲಿ ರೊಟ್ಟಿ ತಯಾರಿಸುವ ನಾನು ಹಿಟ್ಟಿನಿಂದ ಬಾಡಿಗೆಯವರೆಗೆ ಯಾವುದನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ. ಹೋಗಿ ತಿಳಿಹೇಳಿದೆ. ಸಂಜೆ ಕೊತ್ತಂಬರಿ ಅಗ್ಗವಾಗುವುದು ಅಂಗಡಿಯವನ ದಯೆಯಿಂದಲ್ಲ, ಬೆಳಗಾದರೆ ಬಾಡುತ್ತದೆಂಬ ಭಯದಿಂದ. ರಾಕೆಟ್ಟಿನಲ್ಲೂ ಸೀಟು ಖಾಲಿ ಉಳಿಯುವ ಕಾಲ ಬರಲಿ, ನಮ್ಮನ್ನು ಕೂಗಿ ಕರೆಯುತ್ತಾರೆ. ಸದ್ಯಕ್ಕೆ ಕೋಟ್ಯಧೀಶರೇ ಕ್ಯೂ ನಿಂತಿದ್ದಾರೆ, ನೂಕುನುಗ್ಗಲು ಯಾಕೆ? ಅವನು ಮೊಬೈಲಿನಲ್ಲಿ ಭೂಮಿಯ ಚಿತ್ರ ತೋರಿಸಿದ. ಅದು ಗುಂಡಗಿದೆಯೆಂದು ಖಾತ್ರಿ ಮಾಡಿಕೊಳ್ಳಲು ಇಷ್ಟು ಖರ್ಚೇ ಎಂದೆ. ನಕ್ಕನೇ ಹೊರತು ಬಗ್ಗಲಿಲ್ಲ.

ಆಗ ಒಂದು ಉಪಾಯ ಹೂಡಿದೆ. ಕಂಪನಿಯವರು ಬೈದು ಫೋನ್ ಇಡುವಷ್ಟು ಕಡಿಮೆ ಕೇಳುವುದು. ಅಲ್ಲೇ ಅವರಿಗೆ ಫೋನ್ ಹಚ್ಚಿ, ಮುಂಗಡದ ಕಾಲುಭಾಗ ಮಾತ್ರ ಕೊಡುತ್ತೇವೆ, ಕೊಸರಿಗೆ ಹೆಂಡತಿಗೂ ಪಾಳಿಯಲ್ಲಿ ಜಾಗ ಬೇಕು ಎಂದೆ. ಆ ಕಡೆಯ ಹುಡುಗಿ ಮ್ಯಾನೇಜರನ್ನು ಕೇಳಿಬಂದು ಆಗಲಿ ಎಂದಳು.

ಸ್ಪೀಕರಿನಲ್ಲಿ ಕೇಳುತ್ತಿದ್ದವನ ಮುಖ ಅರಳಿತು. "ಭಾವ, ನೀವು ಕೇಳಿದ ದರಕ್ಕ ಕೊಟ್ಟಾರ. ಇನ್ನ ಬ್ಯಾಡ ಅಂದ್ರ ಹೆಂಗರೀ?"

ಅವನ ಮಾತು ಸರಿ. ಕೇಳಿದ ದರಕ್ಕೆ ಒಪ್ಪಿದ ಮೇಲೆ ಕೊಳ್ಳದೆ ಎದ್ದು ಹೋಗುವವನನ್ನು ನಮ್ಮ ಧಾರವಾಡದ ಪೇಟೆಯಲ್ಲಿ ಯಾರೂ ಮತ್ತೆ ಮಾತಾಡಿಸುವುದಿಲ್ಲ. ಹುಡುಗಿಗೆ ಒಂದು ನಿಮಿಷ ತಾಳಲು ಹೇಳಿ ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ತಂಗಿ ಮೆಲ್ಲಗೆ ಕೇಳಿದಳು: "ಅಣ್ಣ, ನಿನ್ನ ಮರ್ಯಾದಿ ಉಳಿಸ್ಲಿಕ್ಕೆ ನನ್ನ ಅಂಗಡಿ ಕೊಡ್ಲೇನು?"

ತಲೆ ಆಗ ಓಡಿತು. ನಿಮಗೂ ಹೇಳಿಡುತ್ತೇನೆ: ಒಂದು ನಿಟ್ಟುಸಿರನ್ನೂ ಬಿಡದೆ ಕಾಲುಭಾಗಕ್ಕೆ ಇಳಿಯುವವನ ಹತ್ತಿರ ಸರಕೇ ಇರುವುದಿಲ್ಲ. ಫೋನಿನಲ್ಲಿ ಬೇಡ ಎಂದೆ. ಆ ಹುಡುಗಿ ಇನ್ನೂ ಇಳಿಸಲು ಸಿದ್ಧಳಿದ್ದಳು. ನಾನೇ ಫೋನ್ ಇಟ್ಟೆ.

ತಂಗಿಯ ಅಂಗಡಿ ಈಗ ಚೆನ್ನಾಗಿ ನಡೆಯುತ್ತಿದೆ. ಶನಿವಾರ ಗಲ್ಲಾದಲ್ಲಿ ಅವನೇ ಕೂರುತ್ತಾನೆ. ನಾನು ಹೋದರೆ, ಕೈಗೆ ಬಂದ ಆಕಾಶ ಬಿಟ್ಟವರು ಇವರೇ ಎಂದು ಗಿರಾಕಿಗಳಿಗೆ ಪರಿಚಯಿಸುತ್ತಾನೆ.